ಗೆರಾಲ್ಟ್‌ನನ್ನು ಜನ ಇಷ್ಟೊಂದು ಹಚ್ಚಿಕೊಂಡಿರುವುದು ಯಾಕೆ?

ನೀವು ಕೇಳಿರುವುದು ಇದು: ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ವಿಚರ್’ ನೋಡಿ ಮುಗಿಸಿದೆ, ನಾಲ್ಕನೇ ಸೀಸನ್‌ನಲ್ಲಿ ನಾಯಕ ಗೆರಾಲ್ಟ್‌ನ ಪಾತ್ರದ ನಟ ಬದಲಾದ ಅಂತ ಅಭಿಮಾನಿಗಳು ಅಷ್ಟು ಸಿಟ್ಟಾಗಿದ್ದೇಕೆ? ದುಡ್ಡು ತಗೊಂಡು ರಾಕ್ಷಸರನ್ನು ಕೊಲ್ಲುವ ಈ ವಿಚರ್‌ನಲ್ಲಿ ಅಂಥದ್ದೇನಿದೆ? ಪುಸ್ತಕ, ಗೇಮ್ ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ?

ದುಡ್ಡು ತಗೊಳ್ಳುತ್ತಾನೆ, ನಿಜ. ಆದರೆ ಕತ್ತಿ ಎತ್ತುವ ಮೊದಲು ವಿಚಾರಿಸುತ್ತಾನೆ. ನನ್ನಂಥವರು ಅವನಿಗೆ ಸೋತಿದ್ದು ಅದಕ್ಕೇ.

ಮೊದಲ ಕಥೆಯನ್ನೇ ತಗೊಳ್ಳಿ. ಪೋಲೆಂಡಿನ ಆಂಜೆಯ್ ಸಪ್ಕೋವ್‌ಸ್ಕಿ ‘ಫ್ಯಾಂಟಾಸ್ಟಿಕಾ’ ಪತ್ರಿಕೆಯ ಸ್ಪರ್ಧೆಗೆ ಬರೆದು ಕಳಿಸಿದ್ದು. 1986ರಲ್ಲಿ ಅಚ್ಚಾಯಿತು, ಮೂರನೇ ಬಹುಮಾನ ಬಂತು. ಫೋಲ್ಟೆಸ್ಟ್ ಎಂಬ ರಾಜನ ಮಗಳು ಶಾಪದಿಂದ ಸ್ಟ್ರೈಗಾ ಆಗಿದ್ದಾಳೆ. ಹಗಲು ಶವಪೆಟ್ಟಿಗೆಯಲ್ಲಿ ಮಲಗುತ್ತಾಳೆ, ರಾತ್ರಿ ಎದ್ದು ಸಿಕ್ಕವರನ್ನು ತಿನ್ನುತ್ತಾಳೆ. ಅವಳನ್ನು ಮತ್ತೆ ಮನುಷ್ಯಳಾಗಿ ಮಾಡಿಕೊಟ್ಟರೆ 3000 ಓರೆನ್ ಕೊಡುತ್ತೇನೆ ಅನ್ನುತ್ತಾನೆ ರಾಜ. ಊರಿನ ದೊಡ್ಡವರಿಗೆ ಅವಳು ಸತ್ತರೆ ಸಾಕಾಗಿದೆ. ಗೆರಾಲ್ಟ್ ಎಲ್ಲರ ಮಾತನ್ನೂ ಕೇಳುತ್ತಾನೆ. ಅವಳಿಂದ ಬದುಕಿ ಬಂದವನೊಬ್ಬನನ್ನು ಹುಡುಕಿ ಮಾತಾಡಿಸುತ್ತಾನೆ. ಆಮೇಲೆ ಒಬ್ಬನೇ ಆ ಹಾಳು ಅರಮನೆಗೆ ಹೋಗುತ್ತಾನೆ. ಮೂರನೇ ಕೋಳಿ ಕೂಗುವವರೆಗೆ ಅವಳು ಪೆಟ್ಟಿಗೆಗೆ ವಾಪಸಾಗದ ಹಾಗೆ ತಡೆದರೆ ಶಾಪ ಬಿಡುತ್ತದೆ. ಅದಕ್ಕೆ ಅವನು ಮಾಡುವುದೇನು ಗೊತ್ತಾ? ತಾನೇ ಆ ಪೆಟ್ಟಿಗೆಯೊಳಗೆ ಮಲಗಿ ಮುಚ್ಚಳ ಎಳೆದುಕೊಳ್ಳುತ್ತಾನೆ. ಬೆಳಗಾದಾಗ ನೆಲದ ಮೇಲೆ ಒಬ್ಬಳು ಹುಡುಗಿ ಬಿದ್ದಿರುತ್ತಾಳೆ. ಹತ್ತಿರ ಹೋದ ಇವನ ಕುತ್ತಿಗೆಗೇ ಗಾಯ.

2007ರ ಮೊದಲ ಗೇಮ್ ಶುರುವಾಗುವುದು ಇದೇ ರಾತ್ರಿಯ ವಿಡಿಯೋದಿಂದ. 2019ರ ಸೀರೀಸ್‌ನ ಮೂರನೇ ಎಪಿಸೋಡ್ ಕೂಡ ಇದೇ. ಮೂರನ್ನೂ ಒಂದರ ಹಿಂದೆ ಒಂದು ನೋಡಿ, ಓದಿ. ಮುಖ ಬೇರೆ, ದನಿ ಬೇರೆ, ಆ ಹುಡುಗಿಯನ್ನು ಉಳಿಸಬೇಕು ಅನ್ನುವ ಹಟ ಮಾತ್ರ ಮೂರರಲ್ಲೂ ಒಂದೇ.

ಇನ್ನು ಜಗಳದ ವಿಷಯ. ನಮ್ಮ ಕಡೆ ಯಕ್ಷಗಾನ ನೋಡಿ ಬರುವವರನ್ನು ಕೇಳಿ. ಪ್ರಸಂಗ ಎಲ್ಲರಿಗೂ ಬಾಯಿಪಾಠ. ಆದರೂ ಯಾವ ಮೇಳದ ಕರ್ಣ ಮೇಲು ಅಂತ ಬೆಳಗಿನ ಬಸ್ಸಿಗೆ ಕಾಯುವಾಗಲೂ ವಾದ ನಡೆದೇ ಇರುತ್ತದೆ. ಗೆರಾಲ್ಟ್ ಅಭಿಮಾನಿಗಳದ್ದೂ ಅದೇ ಪ್ರೀತಿ. ಪೋಲೆಂಡಿನವರಿಗೆ 2001ರ ಸಿನಿಮಾದ ಮಿಹಾವ್ ಜೆಬ್ರೋವ್‌ಸ್ಕಿ ಮೊದಲ ಗೆರಾಲ್ಟ್. ಗೇಮ್ ಆಡಿದವರಿಗೆ ಡಗ್ ಕಾಕಲ್ ದನಿಯೇ ಗೆರಾಲ್ಟ್. ಸೀರೀಸ್‌ನಿಂದ ಬಂದವರಿಗೆ ಹೆನ್ರಿ ಕ್ಯಾವಿಲ್. ಕ್ಯಾವಿಲ್ ಪುಸ್ತಕ ಓದಿ, ಗೇಮ್ ಆಡಿ, ಈ ಪಾತ್ರ ನನಗೇ ಬೇಕು ಅಂತ ಬೆನ್ನು ಹತ್ತಿ ಪಡೆದವನು. ‘ನಮ್ಮವನೊಬ್ಬ ಅಲ್ಲಿದ್ದಾನೆ’ ಅನ್ನುವ ಧೈರ್ಯ ಅಭಿಮಾನಿಗಳಿಗೆ ಇತ್ತು. ಮೂರನೇ ಸೀಸನ್ ಮುಗಿಸಿ ಅವನು ಹೊರಟ. 2025ರ ಅಕ್ಟೋಬರ್‌ನಲ್ಲಿ ಲಿಯಾಮ್ ಹೆಮ್ಸ್‌ವರ್ತ್ ಬಂದಾಗ ಹೋಗಿದ್ದು ಆ ಧೈರ್ಯ. ಹೆಮ್ಸ್‌ವರ್ತ್‌ನನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಸಿಟ್ಟು ಶುರುವಾಗಿದ್ದು ಅದಕ್ಕೂ ಮೊದಲೇ. 2021ರ ಎರಡನೇ ಸೀಸನ್‌ನಲ್ಲಿ ಎಸ್ಕೆಲ್ ಸತ್ತ. ಎಸ್ಕೆಲ್ ಅಂದರೆ ಗೆರಾಲ್ಟ್ ಜೊತೆ ವಿಚರ್‌ಗಳ ಕೋಟೆ ಕೇರ್ ಮೋರ್ಹೆನ್‌ನಲ್ಲಿ ಬೆಳೆದವನು, ಅಣ್ಣತಮ್ಮಂದಿರ ಹಾಗೆ ಇದ್ದವರು. ಪುಸ್ತಕದಲ್ಲಿ ಅವನು ಸಾಯುವುದಿಲ್ಲ. ಸೀರೀಸ್‌ನಲ್ಲಿ ಅವನನ್ನು ತಂದು, ಸರಿಯಾಗಿ ಪರಿಚಯವೂ ಆಗುವ ಮುಂಚೆ ರಾಕ್ಷಸನನ್ನಾಗಿ ಮಾಡಿ ಕೊಂದುಬಿಟ್ಟರು. ನಮ್ಮ ಗೆಳೆಯರ ಗುಂಪಿನಲ್ಲಿ ಅವತ್ತು ಯಾರಿಗೂ ಊಟ ಸೇರಲಿಲ್ಲ.

ಇನ್ನೊಂದು ಮಾತು. ಸೀರೀಸ್ ಮಾತ್ರ ನೋಡಿದ್ದರೆ ಗೆರಾಲ್ಟ್ ‘ಹ್ಮ್’ ಅಂದು ಸುಮ್ಮನಾಗುವವನು ಅನ್ನಿಸಿರಬಹುದು. ಪುಸ್ತಕದ ಗೆರಾಲ್ಟ್ ತುಂಬಾ ಮಾತಾಡುತ್ತಾನೆ! ‘ದಿ ಲಾಸ್ಟ್ ವಿಶ್’ನಲ್ಲಿ ಅಯೋಲಾ ಅಂತ ಒಬ್ಬ ಪೂಜಾರಿಣಿ ಬರುತ್ತಾಳೆ, ಮೌನವ್ರತದಲ್ಲಿರುವವಳು. ಅವಳ ಮುಂದೆ ಕೂತು ತನ್ನ ಬದುಕು, ಮೊದಲು ಎದುರಾದ ಕೆಟ್ಟವನು, ಈ ಕಸುಬಿನ ಬೇಸರ ಎಲ್ಲ ಹೇಳಿಕೊಳ್ಳುತ್ತಾನೆ. ಎದುರಿನವಳು ಒಂದು ಮಾತೂ ಆಡುವಂತಿಲ್ಲ. ನನಗೆ ಎಲ್ಲ ಕಾಳಗಗಳಿಗಿಂತ ಆ ಪುಟಗಳೇ ಇಷ್ಟ.

ಗೇಮ್‌ಗಳಲ್ಲಿ 2015ರ ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಸ್ಕೆಲಿಗೆ ದ್ವೀಪಗಳ ಫೇರ್‌ಲುಂಡ್ ಎಂಬ ಹಳ್ಳಿಗೆ ಹೋಗುತ್ತೇವೆ. ಅಲ್ಲಿನ ಕಾಡಿನಲ್ಲಿ ಒಂದು ಲೆಶೆನ್ ಇದೆ. ತಲೆಯ ಜಾಗದಲ್ಲಿ ಕೊಂಬಿನ ಬುರುಡೆ, ಮೈಯೆಲ್ಲ ಮರ, ಸುತ್ತ ಕಾಗೆ, ತೋಳ. ಹಿರಿಯರು ಅದನ್ನು ಕಾಡಿನ ದೇವರು ಅಂತ ನಡೆದುಕೊಳ್ಳುತ್ತಾರೆ. ಹುಡುಗರು, ಅದು ಜನರನ್ನು ಕೊಲ್ಲುತ್ತಿದೆ, ತೆಗೆಸಿಬಿಡೋಣ ಅನ್ನುತ್ತಾರೆ. ಹೊಸನಗರದ ಕಡೆ ಹುಟ್ಟಿ ಬೆಳೆದ ನನಗೆ ಈ ಜಗಳ ಹೊಸದಲ್ಲ. ನಮ್ಮಲ್ಲಿ ಚೌಡಿಗೆ, ಭೂತಪ್ಪನಿಗೆ ಅಂತ ಬಿಟ್ಟ ಬನ ಇರುತ್ತದೆ. ಹಿರಿಯರು ಅಲ್ಲಿಂದ ಒಂದು ಕಡ್ಡಿಯನ್ನೂ ತರುವುದಿಲ್ಲ. ಅದರ ಪಕ್ಕದಲ್ಲೇ ಅಡಿಕೆ ತೋಟ ವಿಸ್ತರಿಸಬೇಕು, ರಸ್ತೆ ಆಗಬೇಕು ಅನ್ನುವ ಹುಡುಗರು. ಇಬ್ಬರ ಮಾತೂ ಸುಳ್ಳಲ್ಲ.

ನಾನು ಹುಡುಗರ ಪರ ನಿಂತೆ. ಲೆಶೆನ್ ಪೂರ್ತಿ ಸಾಯಬೇಕಾದರೆ ಅದು ಗುರುತು ಮಾಡಿಟ್ಟುಕೊಂಡಿರುವ ಒಬ್ಬ ಹುಡುಗಿ ಹಳ್ಳಿಯಲ್ಲಿ ಇರುವಂತಿಲ್ಲ. ಅವಳು ಹುಡುಗರ ನಾಯಕನ ಪ್ರೇಯಸಿ. ಲೆಶೆನ್ ಕೊಂದು ಬಹುಮಾನ ತಗೊಳ್ಳಲು ವಾಪಸ್ ಬಂದರೆ, ಅಷ್ಟರಲ್ಲಿ ಹುಡುಗರು ಹಿರಿಯರನ್ನೇ ಮುಗಿಸಿರುತ್ತಾರೆ. ಕಾಡಿನಲ್ಲಿ ಇದ್ದ ರಾಕ್ಷಸ ಒಂದೇ, ಅದೂ ಸತ್ತಿದೆ. ನಾನು ಗೇಮ್ ಆಫ್ ಮಾಡಿ ಹೊರಗೆ ಬಂದು ನಿಂತುಬಿಟ್ಟೆ. ದುಡ್ಡು ಬಂತು ಅಂತ ಖುಷಿಪಡಲು ಆಗಲೇ ಇಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಪುಸ್ತಕದಿಂದ. ‘ದಿ ಲಾಸ್ಟ್ ವಿಶ್’, ಆಮೇಲೆ ‘ಸ್ವೋರ್ಡ್ ಆಫ್ ಡೆಸ್ಟಿನಿ’. ಎರಡೂ ಸಣ್ಣಕಥೆಗಳು, ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಇವೆರಡನ್ನು ಬಿಟ್ಟು ಸೀದಾ ಕಾದಂಬರಿ ‘ಬ್ಲಡ್ ಆಫ್ ಎಲ್ವ್ಸ್’ಗೆ ಹೋದರೆ, ಅವನು ಮಗಳಂತೆ ನೋಡಿಕೊಳ್ಳುವ ಸಿರಿಗೂ ಗೆರಾಲ್ಟ್‌ಗೂ ನಂಟು ಹೇಗೆ ಬೆಳೆಯಿತು ಅನ್ನುವುದೇ ತಪ್ಪಿಹೋಗುತ್ತದೆ. ಗೇಮ್ ಆಡುವುದಾದರೆ ಮೂರನೆಯದನ್ನೇ ನೇರ ಹಿಡಿಯಬಹುದು, ಹಿಂದಿನವು ಈಗ ಸ್ವಲ್ಪ ಹಳೆಯದಾಗಿವೆ. ಅದರಲ್ಲಿ ಮುಖ್ಯ ಕಥೆಯ ಹಿಂದೆ ಓಡಬೇಡಿ. ಪ್ರತಿ ಹಳ್ಳಿಯಲ್ಲೂ ಒಂದು ನೋಟಿಸ್ ಬೋರ್ಡ್ ಇರುತ್ತದೆ. ಅದಕ್ಕೆ ಹೊಡೆದಿರುವ ಚೀಟಿಗಳನ್ನು ಒಂದೊಂದಾಗಿ ಓದಿ, ಬರೆಸಿದವರ ಮನೆಗೆ ಹೋಗಿ ಕೇಳಿ. ಒಳ್ಳೊಳ್ಳೆಯ ಕಥೆಗಳೆಲ್ಲ ಅಲ್ಲೇ ಇವೆ.