ಎರಡು ಕ್ರೆಡಿಟ್ ಕಾರ್ಡ್, 4.2 ಲಕ್ಷ ಬಾಕಿ. ತಿಂಗಳು ತಿಂಗಳು ಕಟ್ಟಿದರೂ ಅಸಲು ಇಳಿಯುತ್ತಿಲ್ಲ, ಸೆಟಲ್‌ಮೆಂಟ್ ಮಾಡಿಕೊಳ್ಳಲೇ?

ನೀವು ಕೊಟ್ಟ ವಿವರ ಇಷ್ಟು: ಒಂದು ಕಾರ್ಡ್‌ನಲ್ಲಿ 2,60,000 ಬಾಕಿ, ತಿಂಗಳಿಗೆ ಶೇ. 3.75 ಬಡ್ಡಿ. ಇನ್ನೊಂದರಲ್ಲಿ 1,60,000, ಶೇ. 3.5. ಕೈಗೆ ಬರುವ ಸಂಬಳ 58,000. ಎರಡಕ್ಕೂ ಸೇರಿ ತಿಂಗಳಿಗೆ 21,000 ಕಟ್ಟುತ್ತಿದ್ದೀರಿ, ಜೊತೆಗೆ ದಿನಸಿ, ಪೆಟ್ರೋಲ್ ಅಂತ ಇನ್ನೂ 5,000ದಷ್ಟು ಕಾರ್ಡ್ ಉಜ್ಜುತ್ತಿದ್ದೀರಿ. 80,000ದ ಎಫ್‌ಡಿ ಇದೆ, ಹೆಂಡತಿಯ ಒಡವೆ ಇದೆ.

ಸೆಟಲ್‌ಮೆಂಟ್ (ಬಾಕಿಯ ಒಂದು ಭಾಗ ಕಟ್ಟಿಸಿಕೊಂಡು ಉಳಿದದ್ದನ್ನು ಬ್ಯಾಂಕ್ ಬಿಟ್ಟುಬಿಡುವ ಒಪ್ಪಂದ) ಬೇಡ. ತಿಂಗಳಿಗೆ 21,000 ಕಟ್ಟುವ ಶಕ್ತಿ ಇರುವವರಿಗೆ ಈ ಸಾಲ ಎರಡು ವರ್ಷದೊಳಗೆ ಪೂರ್ತಿ ತೀರುವಂಥದ್ದು. ನಿಮ್ಮನ್ನು ಹಿಡಿದಿಟ್ಟಿರುವುದು ಬಡ್ಡಿದರ. ಮೊದಲು ಅದನ್ನು ಇಳಿಸಿ, ಅಸಲು ತಾನಾಗಿ ಕರಗತೊಡಗುತ್ತದೆ.

ಲೆಕ್ಕ ನೋಡಿ. 2,60,000ಕ್ಕೆ ಶೇ. 3.75 ಅಂದರೆ 9,750. ಕಾರ್ಡ್ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅದು 1,755. ಎರಡನೇ ಕಾರ್ಡ್‌ಗೆ 5,600 ಬಡ್ಡಿ, 1,008 ಜಿಎಸ್‌ಟಿ. ಒಟ್ಟು 18,113. ನೀವು ಕಟ್ಟುವ 21,000ದಲ್ಲಿ ಅಸಲಿಗೆ ಹೋಗುವುದು 2,887 ಮಾತ್ರ. ಅದೇ ತಿಂಗಳು 5,000 ಹೊಸದಾಗಿ ಉಜ್ಜಿದರೆ ಸಾಲ ಎರಡು ಸಾವಿರದಷ್ಟು ಬೆಳೆದೇ ಇರುತ್ತದೆ. ಆ 5,000ಕ್ಕೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಹಿಂದಿನ ಬಿಲ್ ಪೂರ್ತಿ ಕಟ್ಟದಿದ್ದರೆ ಹೊಸ ಖರೀದಿಗೆ ಆ ದಿನದಿಂದಲೇ ಬಡ್ಡಿ ಓಡುತ್ತದೆ. ಈ ಒಂದು ಮಾತು ತುಂಬಾ ಜನರಿಗೆ ಗೊತ್ತಿರುವುದಿಲ್ಲ.

ಇಂದಿನಿಂದಲೇ ಉಜ್ಜುವುದನ್ನು ನಿಲ್ಲಿಸಿ ಪ್ರತಿ ತಿಂಗಳು 21,000 ತಪ್ಪದೆ ಕಟ್ಟಿದರೂ ಈ ದರದಲ್ಲಿ ಸುಮಾರು 47 ತಿಂಗಳು, ಒಟ್ಟು 9.8 ಲಕ್ಷದ ಮೇಲೆ. ಬಿಲ್‌ನಲ್ಲಿ ಬರುವ ಮಿನಿಮಮ್ (ಬಾಕಿಯ ಶೇ. 5 ಅಂದುಕೊಳ್ಳಿ) ಅಷ್ಟನ್ನೇ ಕಟ್ಟುತ್ತಾ ಹೋದರೆ ಬಾಕಿ ಇಳಿದಂತೆ ಮಿನಿಮಮ್ ಕೂಡ ಇಳಿಯುತ್ತದೆ. ಆಗ ಸಾಲ ಅರ್ಧಕ್ಕೆ ಬರುವುದಕ್ಕೇ ಎಂಟು ವರ್ಷಕ್ಕಿಂತ ಹೆಚ್ಚು ಬೇಕು. ಅದೇ 21,000ವನ್ನು ವಾರ್ಷಿಕ ಶೇ. 16ರ ಸಾಲಕ್ಕೆ ಕಟ್ಟಿದರೆ 24 ತಿಂಗಳಲ್ಲಿ ಮುಗಿಯುತ್ತದೆ, ಒಟ್ಟು 4.9 ಲಕ್ಷದ ಆಸುಪಾಸು. ಅಂದರೆ ದರ ಬದಲಾದ ಮಾತ್ರಕ್ಕೆ ಉಳಿಯುವುದು ಐದು ಲಕ್ಷದ ಹತ್ತಿರ. ಕಾಫಿ, ಸಿನಿಮಾ ಬಿಟ್ಟು ಇಷ್ಟು ಉಳಿಸಲು ಆಗುವುದಿಲ್ಲ. ಅದಕ್ಕೇ ಖರ್ಚು ಕಡಿತದ ಉಪದೇಶಕ್ಕಿಂತ ಮೊದಲು ಇದನ್ನು ಹೇಳುತ್ತಿದ್ದೇನೆ.

ನೀವು ನೇರವಾಗಿ ನಾಲ್ಕು ಲಕ್ಷದ ಪರ್ಸನಲ್ ಲೋನ್‌ಗೆ ಅರ್ಜಿ ಹಾಕಿದರೆ ಬಹುಶಃ ತಿರಸ್ಕಾರ ಆಗುತ್ತದೆ, ಇಲ್ಲವೇ ಶೇ. 22–24 ದರ ಹೇಳುತ್ತಾರೆ. ಕಾರಣ, ಕಾರ್ಡ್ ಮಿತಿ ಪೂರ್ತಿ ಬಳಕೆಯಾಗಿರುವುದು ಕ್ರೆಡಿಟ್ ಸ್ಕೋರ್ ಅನ್ನು ಕೆಳಗೆ ಎಳೆದಿರುತ್ತದೆ. ಗಾಬರಿಯಲ್ಲಿ ಐದಾರು ಕಡೆ ಒಟ್ಟಿಗೆ ಅರ್ಜಿ ಹಾಕಿದರೆ ಪ್ರತಿ ವಿಚಾರಣೆಯೂ ದಾಖಲಾಗಿ ಸ್ಕೋರ್ ಇನ್ನಷ್ಟು ಕುಸಿಯುತ್ತದೆ. ಹಾಗಾಗಿ ಸ್ಕೋರ್ ಅಷ್ಟಾಗಿ ಲೆಕ್ಕಕ್ಕೆ ಬಾರದ ದಾರಿಗಳನ್ನು ಮೊದಲು ಬಳಸಬೇಕು.

ಒಂದನೆಯದು ಎಫ್‌ಡಿ. 80,000ಕ್ಕೆ ಶೇ. 7ರಂತೆ ವರ್ಷಕ್ಕೆ 5,600 ಬರುತ್ತದೆ. ಅದೇ 80,000 ಮೊದಲ ಕಾರ್ಡ್‌ನಲ್ಲಿ ಬಾಕಿ ಇರುವುದಕ್ಕೆ ನೀವು ಜಿಎಸ್‌ಟಿ ಸೇರಿ ತಿಂಗಳಿಗೆ 3,540, ವರ್ಷಕ್ಕೆ 42,000ದ ಮೇಲೆ ತೆರುತ್ತಿದ್ದೀರಿ. ಮುರಿಯಿರಿ. ಅವಧಿಗೆ ಮುನ್ನ ಮುರಿದರೆ ಸಾಮಾನ್ಯವಾಗಿ ಅರ್ಧದಿಂದ ಒಂದು ಶೇಕಡಾ ಬಡ್ಡಿ ಕಡಿಮೆ ಕೊಡುತ್ತಾರೆ, ಅದು ಇಲ್ಲಿ ಗಣನೆಗೇ ಇಲ್ಲ. ಆದರೆ ಪೂರ್ತಿ ಹಾಕಬೇಡಿ. 60,000 ಮೊದಲ ಕಾರ್ಡ್‌ಗೆ ಕಟ್ಟಿ, 20,000 ಉಳಿತಾಯ ಖಾತೆಯಲ್ಲಿ ಇಡಿ. ಕೈಯಲ್ಲಿ ಬಿಡಿಗಾಸು ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಕಾರ್ಡೇ ಹೊರಗೆ ಬರುತ್ತದೆ.

ಎರಡನೆಯದು ಚಿನ್ನ. ಹೆಂಡತಿಯ ಜೊತೆ ಕೂತು ಈ ಲೆಕ್ಕವನ್ನೆಲ್ಲ ತೋರಿಸಿ, ಅವರು ಮನಸಾರೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಬ್ಯಾಂಕಿನಲ್ಲಿ ಶೇ. 9ರಿಂದ 11ರ ಒಳಗೆ ಚಿನ್ನದ ಸಾಲ ಸಿಗಬಹುದು. ನಿಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲೂ ವಿಚಾರಿಸಿ. ಮೊದಲ ಕಾರ್ಡ್‌ನಲ್ಲಿ ಉಳಿಯುವ 2,00,000ಕ್ಕೆ ಈಗ ಜಿಎಸ್‌ಟಿ ಸೇರಿ ತಿಂಗಳಿಗೆ 8,850 ಬಡ್ಡಿ. ಶೇ. 10ರ ಚಿನ್ನದ ಸಾಲವಾದರೆ ಸುಮಾರು 1,667. ಇಲ್ಲಿ ಎಡವುವ ಜಾಗ ಒಂದಿದೆ: ಹೆಚ್ಚಿನ ಚಿನ್ನದ ಸಾಲಗಳು ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವಂಥವು. ತಿಂಗಳು ತಿಂಗಳು ಯಾರೂ ಕೇಳುವುದಿಲ್ಲ ಅಂತ ಸುಮ್ಮನಿದ್ದುಬಿಟ್ಟರೆ ಹರಾಜಿನ ನೋಟಿಸ್ ಬರುತ್ತದೆ. ಭಾಗಶಃ ಅಸಲು ಕಟ್ಟಲು ಶುಲ್ಕ ಇಲ್ಲದ ಸಾಲವನ್ನೇ ಆರಿಸಿ, ಸಂಬಳದ ದಿನವೇ ಕಟ್ಟಿ. ಒಡವೆಯ ಬದಲು ನಾಣ್ಯ, ಬಿಸ್ಕತ್ತು ಇದ್ದರೆ ಅಡ ಇಡುವುದಕ್ಕಿಂತ ಮಾರುವುದೇ ಲೇಸು ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ಇನ್ನೂ ಏನಿದೆ ನೋಡಿ. ಹಳೆಯ ಎಲ್‌ಐಸಿ ಪಾಲಿಸಿ ಇದ್ದರೆ ಅದರ ಸರೆಂಡರ್ ಮೌಲ್ಯದ (ಪಾಲಿಸಿಯನ್ನು ಈಗಲೇ ಬಿಟ್ಟುಕೊಟ್ಟರೆ ಸಿಗುವ ಹಣ) ಮೇಲೆ ಸಾಲ ಸಿಗುತ್ತದೆ. ಪಿಪಿಎಫ್ ಖಾತೆ ಮೂರರಿಂದ ಆರನೇ ಹಣಕಾಸು ವರ್ಷದಲ್ಲಿದ್ದರೆ ವಾರ್ಷಿಕ ಶೇ. 1ರ ದರದಲ್ಲಿ ಸಾಲ ತೆಗೆಯಬಹುದು, 36 ತಿಂಗಳಲ್ಲಿ ತೀರಿಸಬೇಕು. ಅಗ್ಗದ ಸಾಲ, ಮೊತ್ತ ಮಾತ್ರ ಚಿಕ್ಕದು. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ ಸಾಲ ಕೇಳಿ.

ಮೊದಲ ಕಾರ್ಡ್ ಸೊನ್ನೆಗೆ ಬಂದ ಮೇಲೆ ಒಂದೆರಡು ತಿಂಗಳು ಕಾಯಿರಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ನಂಥ ಕ್ರೆಡಿಟ್ ಸ್ಕೋರ್ ಸಂಸ್ಥೆಗಳಿಗೆ ಮಾಹಿತಿ ಕೊಡಬೇಕು, ಹಾಗಾಗಿ ಬಾಕಿ ಇಳಿದದ್ದು ಬೇಗ ಕಾಣುತ್ತದೆ. ಆಗ ಉಳಿದ 1,60,000ಕ್ಕೆ ಮಾತ್ರ ಪರ್ಸನಲ್ ಲೋನ್ ಕೇಳಿ, ಸಂಬಳ ಬರುವ ಬ್ಯಾಂಕಿನಲ್ಲೇ ಮೊದಲು. ಶೇ. 16ಕ್ಕೆ 36 ತಿಂಗಳಾದರೆ ಇಎಂಐ ಸುಮಾರು 5,625. ಉಳಿದ 15,375 ಚಿನ್ನದ ಸಾಲಕ್ಕೆ ಹೋದರೆ ಅದು 14 ತಿಂಗಳಲ್ಲಿ ತೀರುತ್ತದೆ, ಒಡವೆ ಮನೆಗೆ ಬರುತ್ತದೆ. ಆಮೇಲೆ ಪೂರ್ತಿ 21,000 ಪರ್ಸನಲ್ ಲೋನ್‌ಗೆ ಹಾಕಿದರೆ ಇನ್ನು ಆರು ತಿಂಗಳ ಮಾತು. ಸಹಿ ಹಾಕುವ ಮುನ್ನ ಎರಡು ವಿಷಯ ಕೇಳಿ: ಪ್ರೊಸೆಸಿಂಗ್ ಶುಲ್ಕ ಎಷ್ಟು, ಮತ್ತು ಅವಧಿಗೆ ಮುನ್ನ ಕಟ್ಟಿದರೆ ದಂಡ ಎಷ್ಟು, ಯಾವ ತಿಂಗಳಿಂದ ಕಟ್ಟಬಹುದು. ಸಾಲದ ಜೊತೆ ವಿಮೆ ಅಂಟಿಸಲು ನೋಡುತ್ತಾರೆ, ಬೇಡ ಅನ್ನಿ.

ಕಾರ್ಡ್ ಕಂಪನಿಯೇ ಫೋನ್ ಮಾಡಿ ಬಾಕಿಯನ್ನು ಇಎಂಐ ಮಾಡಿಕೊಡುತ್ತೇವೆ ಅನ್ನಬಹುದು. ಪರ್ಸನಲ್ ಲೋನ್ ಸಿಗದಿದ್ದರೆ ಅದೂ ಒಳ್ಳೆಯ ದಾರಿಯೇ. ಆದರೆ ಅವರು ಹೇಳುವ ದರ ಫ್ಲಾಟ್ ದರವೋ (ಮೊದಲ ಮೊತ್ತದ ಮೇಲೇ ಕೊನೆಯವರೆಗೆ ಹಾಕುವ ಬಡ್ಡಿ), ಇಳಿಯುವ ಬಾಕಿಯ ಮೇಲಿನ ದರವೋ ಕೇಳಿ. ಮೂರು ವರ್ಷಕ್ಕೆ ಫ್ಲಾಟ್ ಶೇ. 10 ಅಂದರೆ ನಿಜವಾದ ದರ ಶೇ. 18ರ ಹತ್ತಿರ. ಪರ್ಸನಲ್ ಲೋನ್ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡ್ ಇಎಂಐ ಬಡ್ಡಿಗೆ ಸಾಮಾನ್ಯವಾಗಿ ಹಾಕುತ್ತಾರೆ, ಹೋಲಿಸುವಾಗ ಅದನ್ನೂ ಸೇರಿಸಿ. ಇಎಂಐ ಕಂತು ಪೂರ್ತಿಯಾಗಿ ಮಿನಿಮಮ್ ಮೊತ್ತಕ್ಕೆ ಸೇರುವುದರಿಂದ ಮುಂದಿನ ಬಿಲ್‌ನಲ್ಲಿ ಮಿನಿಮಮ್ ಜಿಗಿದಿರುತ್ತದೆ. ಆಟೋ ಡೆಬಿಟ್ ಬೌನ್ಸ್ ಆಗುವುದು ಆಗಲೇ.

ಈ ವ್ಯವಸ್ಥೆ ಆಗುವ ತನಕ ಕಾರ್ಡ್ ಹಣವನ್ನು ಕೊನೆಯ ದಿನಾಂಕಕ್ಕೆ ಕಾಯದೆ ಸಂಬಳ ಬಂದ ದಿನವೇ ಕಟ್ಟಿ. ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ, 21,000ವನ್ನು 15 ದಿನ ಮೊದಲು ಕಟ್ಟಿದರೆ ನಾನೂರಕ್ಕೂ ಹೆಚ್ಚು ರೂಪಾಯಿ ಉಳಿಯುತ್ತದೆ. ಓಟಿಟಿ, ಮೊಬೈಲ್ ಬಿಲ್, ವಿಮೆಯಂಥ ತಾನಾಗಿ ಕಡಿತವಾಗುವ ಎಲ್ಲವನ್ನೂ ಉಳಿತಾಯ ಖಾತೆಗೆ ಬದಲಿಸಿ, ಆ್ಯಪ್‌ನಲ್ಲಿ ಆನ್‌ಲೈನ್ ಖರೀದಿಯನ್ನು ಆಫ್ ಮಾಡಿ. ಕಾರ್ಡ್‌ನಿಂದ ಎಟಿಎಂನಲ್ಲಿ ನಗದು ತೆಗೆಯುವುದು, ಒಂದು ಕಾರ್ಡ್‌ನ ಹಣದಲ್ಲಿ ಇನ್ನೊಂದನ್ನು ಕಟ್ಟುವುದು, ಐದು ನಿಮಿಷದ ಸಾಲದ ಆ್ಯಪ್‌ಗಳು, ಇವು ಮೂರನ್ನೂ ಮುಟ್ಟಬೇಡಿ.

ಈಗ ಸೆಟಲ್‌ಮೆಂಟ್ ವಿಷಯ. ಬ್ಯಾಂಕುಗಳು ಸಾಮಾನ್ಯವಾಗಿ ಅದಕ್ಕೆ ಒಪ್ಪುವುದು ಕಂತು ತಪ್ಪಿ 90 ದಿನ ದಾಟಿದ ಮೇಲೆ. ಅಂದರೆ ನೀವು ಬೇಕಂತಲೇ ಕಟ್ಟುವುದನ್ನು ನಿಲ್ಲಿಸಬೇಕು, ದಂಡ ಬೆಳೆಯಬೇಕು, ವಸೂಲಿಯವರು ಮನೆಗೆ ಬರಬೇಕು. ಆಮೇಲೂ ನಿಮ್ಮ ದಾಖಲೆಯಲ್ಲಿ ‘ಸೆಟಲ್ಡ್’ ಅಂತ ವರ್ಷಗಟ್ಟಲೆ ಉಳಿಯುತ್ತದೆ, ಮನೆ ಸಾಲಕ್ಕೆ ಹೋದಾಗ ಅಲ್ಲೇ ಸಿಕ್ಕಿಬೀಳುತ್ತೀರಿ. ಕಟ್ಟುವುದು ನಿಲ್ಲಿಸಿ, ನಾವು ಮಾತಾಡುತ್ತೇವೆ ಅಂತ ಶುಲ್ಕ ಕೇಳುವ ಏಜೆನ್ಸಿಗಳಿಂದ ದೂರ ಇರಿ. ಕೆಲಸ ಹೋಗಿ, ಚಿನ್ನವೂ ಇಲ್ಲದೆ, ಬೇರೆ ದಾರಿಯೇ ಮುಚ್ಚಿದವರಿಗೆ ಸೆಟಲ್‌ಮೆಂಟ್ ನ್ಯಾಯವಾದದ್ದೇ. ಅವರೂ ಮೊತ್ತ, ದಿನಾಂಕ ಇರುವ ಪತ್ರ ಬ್ಯಾಂಕಿನ ಅಧಿಕೃತ ಇಮೇಲ್‌ನಿಂದ ಬಂದ ಮೇಲೆ ಮಾತ್ರ, ಕಾರ್ಡ್ ಖಾತೆಗೇ ಕಟ್ಟಬೇಕು. ಏಜೆಂಟನ ಯುಪಿಐಗೆ ಒಂದು ರೂಪಾಯಿಯೂ ಬೇಡ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಮಾಹಿತಿಗೆ 14448.

ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಅಂತ ಓದಿದ್ದೇನೆ, ಅದನ್ನಿಟ್ಟು ವಾದಿಸಬಹುದೇ ಅಂತಲೂ ಕೇಳಿದ್ದೀರಿ. ಅದು ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಅದನ್ನು ರದ್ದು ಮಾಡಿದೆ.

ಕೊನೆಯ ಹಂತದಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಬಾಕಿ ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್‌ನಲ್ಲಿ ಸಾವಿರಾರು ರೂಪಾಯಿ ಬಡ್ಡಿ ಬರುತ್ತದೆ. ಅದು ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ, ಮೋಸವಲ್ಲ. ಅದನ್ನೂ ಕಟ್ಟಿ, ಸೊನ್ನೆ ಬಾಕಿಯ ಬಿಲ್ ಬರುವವರೆಗೆ ನೋಡುತ್ತಿರಿ. ಎರಡರಲ್ಲಿ ವಾರ್ಷಿಕ ಶುಲ್ಕ ಇರುವ ಕಾರ್ಡ್ ಮುಚ್ಚಿಸಿ, ಶುಲ್ಕವಿಲ್ಲದ ಹಳೆಯದನ್ನು ಮಿತಿ ತಗ್ಗಿಸಿ ಇಟ್ಟುಕೊಳ್ಳಿ. ಬಾಕಿ ಇಲ್ಲದ ಕಾರ್ಡ್ ಮುಚ್ಚಲು ಕೋರಿದ ಮೇಲೆ ಬ್ಯಾಂಕಿಗೆ 7 ಕೆಲಸದ ದಿನಗಳ ಗಡುವು, ಮೀರಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಕೋರಿಕೆಯನ್ನು ಇಮೇಲ್‌ನಲ್ಲೇ ಕಳಿಸಿ, ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಿರಿ, ಎರಡು ತಿಂಗಳ ನಂತರ ಉಚಿತ ಕ್ರೆಡಿಟ್ ವರದಿ ತೆಗೆದು ಆ ಖಾತೆ ‘ಕ್ಲೋಸ್ಡ್’ ಅಂತ ಬಂದಿದೆಯೇ ನೋಡಿ. ತಪ್ಪಿದ್ದು, ದೂರು ಕೊಟ್ಟ 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೂ ನೀವು ಹಕ್ಕುದಾರರು.