ಪ್ರಶ್ನೋತ್ತರ: ಕಾಡಿನ ಪಾಠಕ್ಕೆ ಎಂಥ ಪ್ರಾಜೆಕ್ಟ್?

ಪ್ರಶ್ನೆ: ನಾನು ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ‘ಕಾಡಿನ ಮಹತ್ವ’ ಎಂಬ ಪ್ರಾಜೆಕ್ಟ್ ಕೊಟ್ಟಾಗಲೆಲ್ಲ ಮಕ್ಕಳು ಅಂತರ್ಜಾಲದ ಚಿತ್ರಗಳನ್ನು ಚಾರ್ಟಿಗೆ ಅಂಟಿಸಿ, ಎಲ್ಲರೂ ಒಂದೇ ಬಗೆಯ ಹತ್ತು ವಾಕ್ಯ ಬರೆದು ತರುತ್ತಾರೆ. ಶಾಲೆಯ ಹತ್ತಿರ ಕಾಡೂ ಇಲ್ಲ. ಬೇರೆ ರೀತಿ ಮಾಡಿಸಬಹುದೇ?
– ಒಬ್ಬ ಶಿಕ್ಷಕಿ

ಉತ್ತರ: ಖಂಡಿತ ಮಾಡಿಸಬಹುದು. ತೊಡಕಿರುವುದು ಮಕ್ಕಳಲ್ಲಲ್ಲ, ಕೊಟ್ಟ ವಿಷಯದಲ್ಲಿ. ಮಗು ತಾನಾಗಿ ಕಂಡುಕೊಳ್ಳಬೇಕಾದ ಉತ್ತರವನ್ನು ನಾವೇ ತಲೆಬರಹವಾಗಿ ಕೊಟ್ಟುಬಿಟ್ಟರೆ ನಕಲು ಮಾಡುವುದಲ್ಲದೆ ಅದಕ್ಕೆ ಬೇರೆ ಕೆಲಸ ಉಳಿಯುವುದಿಲ್ಲ. ಅದರ ಬದಲು ಅಳೆದು ನೋಡಬಹುದಾದ ಪ್ರಶ್ನೆಯೊಂದನ್ನು ಕೊಡಿ: ಬರಿ ನೆಲಕ್ಕೆ ಬಿದ್ದ ಮಳೆನೀರು ಏನಾಗುತ್ತದೆ, ತರಗೆಲೆ ಹೊದ್ದ ನೆಲಕ್ಕೆ ಬಿದ್ದದ್ದು ಏನಾಗುತ್ತದೆ?

ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಬಾಟಲಿಗಳನ್ನು ಅಡ್ಡ ಮಲಗಿಸಿ, ಮೇಲ್ಮೈಯನ್ನು ಉದ್ದಕ್ಕೆ ಕತ್ತರಿಸಿ ತೆಗೆದು (ಕತ್ತರಿಸುವ ಕೆಲಸ ದೊಡ್ಡವರದೇ ಆಗಿರಲಿ), ಮೂರಕ್ಕೂ ಒಂದೇ ಜಾಗದ ಮಣ್ಣು ತುಂಬಿಸಿ. ಮೊದಲನೆಯದು ಬರಿ ಮಣ್ಣಾಗಿರಲಿ. ಎರಡನೆಯದಕ್ಕೆ ತರಗೆಲೆ ಹೊದಿಸಿ. ಮೂರನೆಯದರಲ್ಲಿ ಬೇಗ ಮೊಳೆಯುವ ಕಾಳನ್ನು ಎರಡು-ಮೂರು ವಾರ ಮೊದಲೇ ಒತ್ತಾಗಿ ಬಿತ್ತಿರಿ. ಮುಚ್ಚಳ ತೆಗೆದು, ಬಾಟಲಿಯ ಬಾಯಿ ಕೆಳಮುಖವಾಗುವಂತೆ ತುಸು ಓರೆಯಾಗಿಟ್ಟು, ಮೂರರ ಮೇಲೂ ಅರ್ಧರ್ಧ ಲೀಟರ್ ನೀರನ್ನು ಒಂದೇ ಎತ್ತರದಿಂದ ಚಿಮುಕಿಸಿ. ಹೊರಬಂದ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿದು ಒಂದು ರಾತ್ರಿ ಅಲುಗಿಸದೆ ಬಿಟ್ಟರೆ ಬರಿ ಮಣ್ಣಿನ ಲೋಟದ ತಳದಲ್ಲಿ ಕೆಸರಿನ ಪದರ ಕುಳಿತಿರುತ್ತದೆ. ಮಗು ಆ ಪದರಕ್ಕೆ ಅಳತೆಪಟ್ಟಿ ಹಿಡಿದು ಮಿಲಿಮೀಟರ್‌ಗಳನ್ನು ತಾನೇ ಎಣಿಸಿದಾಗ ‘ಕಾಡು ಮಣ್ಣಿನ ಸವಕಳಿ ತಡೆಯುತ್ತದೆ’ ಎಂಬ ಪಠ್ಯದ ಸಾಲು ಅದರ ಸ್ವಂತದ್ದಾಗುತ್ತದೆ.

ಅಮೆರಿಕದ ಹಬರ್ಡ್ ಬ್ರೂಕ್ ಕಾಡಿನಲ್ಲಿ 1960ರ ದಶಕದಲ್ಲಿ ವಿಜ್ಞಾನಿಗಳು ಇದೇ ಬಗೆಯ ಹೋಲಿಕೆಯನ್ನು ದೊಡ್ಡದಾಗಿ ಮಾಡಿದ್ದರೆಂದು ಮಕ್ಕಳಿಗೆ ಹೇಳಿ. ಅವರು ಸುಮಾರು 15 ಹೆಕ್ಟೇರ್‌ನ ಪುಟ್ಟ ಜಲಾನಯನ ಪ್ರದೇಶವೊಂದರ ಮರಗಳನ್ನೆಲ್ಲ ಕಡಿದು, ಮತ್ತೆ ಹಸಿರು ಚಿಗುರದಂತೆ ತಡೆದು, ಅಲ್ಲಿನ ತೊರೆಯನ್ನು ಪಕ್ಕದ ಕಾಡಿನ ತೊರೆಯೊಂದಿಗೆ ಹೋಲಿಸಿದರು. ಕಡಿದ ಕಡೆ ಹರಿವು ಹೆಚ್ಚಿತು, ಜೊತೆಗೆ ಮಣ್ಣಿನ ಪೋಷಕಾಂಶವಾದ ನೈಟ್ರೇಟ್ ಹಲವು ಪಟ್ಟು ಹೆಚ್ಚಾಗಿ ತೊಳೆದುಹೋಯಿತು. ಹರಿವು ಹೆಚ್ಚಿದ್ದನ್ನು ಮುಚ್ಚಿಡಬೇಡಿ. ಮರಗಳು ನೀರು ಹೀರಿ ಆವಿಯಾಗಿ ಬಿಡುವುದರಿಂದ ಕಾಡಿದ್ದಲ್ಲೆಲ್ಲ ತೊರೆಯ ನೀರು ಹೆಚ್ಚೇ ಇರುತ್ತದೆ ಎನ್ನಲಾಗದು; ನೀರಿನ ಓಟವನ್ನು ನಿಧಾನಗೊಳಿಸಿ, ಸೋಸಿ, ಮಣ್ಣಿನ ಸಾರವನ್ನು ಹಿಡಿದಿಡುವುದು ಕಾಡಿನ ದೊಡ್ಡ ಉಪಕಾರ.

ಹತ್ತಿರ ಕಾಡಿಲ್ಲವೆಂದು ಕೈಬಿಡಬೇಡಿ. ಹಳೆಯ ಮರವೊಂದರ ಬುಡದಲ್ಲಿ, ಯಾರೂ ಗುಡಿಸದ ಜಾಗದಲ್ಲಿ, ನಾಲ್ಕು ಗೂಟ ನೆಟ್ಟು ದಾರ ಕಟ್ಟಿ ಒಂದು ಚದರ ಮೀಟರ್ ಗುರುತಿಸಿ, ಮೂರು ತಿಂಗಳು ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿ ಕೂರಿಸಿ. ಮೇಲಿನ ಎಲೆ ಒಣಗಿ ಗರಿಗರಿಯಾಗಿರುತ್ತದೆ. ಅದರ ಕೆಳಗಿನದು ಒದ್ದೆಯಾಗಿ ಮೆತ್ತಗಿರುತ್ತದೆ. ಇನ್ನೂ ಕೆಳಗೆ ನರಗಳಷ್ಟೇ ಉಳಿದು ಜಾಲರಿಯಂತಾದ ಎಲೆಯೂ, ಅದನ್ನು ಹೆಣೆದುಕೊಂಡ ಶಿಲೀಂಧ್ರದ ಬಿಳಿ ಎಳೆಗಳೂ ಸಿಗುತ್ತವೆ. ಕಾಡು ತನಗೆ ಬೇಕಾದ ಗೊಬ್ಬರವನ್ನು ತಾನೇ ಮಾಡಿಕೊಳ್ಳುವ ಬಗೆ ಆ ಒಂದು ಗೇಣಿನೊಳಗೆ ಕಾಣುತ್ತದೆ. ಅಂಕಗಳನ್ನು ಚಾರ್ಟಿನ ಅಂದಕ್ಕೆ ಕೊಡದೆ, ದಿನಾಂಕ ಹಾಕಿ ಬರೆದ ಟಿಪ್ಪಣಿ ಪುಸ್ತಕಕ್ಕೆ ಕೊಡಿ.

ಪ್ರಶ್ನೆ: ನನ್ನ ಮಗಳು ಪ್ರಾಜೆಕ್ಟಿನಲ್ಲಿ ‘ಜಗತ್ತಿನ 20% ಆಮ್ಲಜನಕ ಅಮೆಜಾನ್ ಕಾಡಿನಿಂದ ಬರುತ್ತದೆ’ ಎಂದು ಬರೆದಿದ್ದಾಳೆ. ಇದು ಸರಿಯೇ?
– ಒಬ್ಬ ತಂದೆ

ಉತ್ತರ: ಸರಿಯಲ್ಲ, ಆದರೆ ಮಗುವನ್ನು ದೂರುವಂತಿಲ್ಲ, ಎಷ್ಟೋ ಕಡೆ ಹಾಗೆಯೇ ಅಚ್ಚಾಗಿದೆ. ಬಲಿತ ಕಾಡು ಹಗಲಿನಲ್ಲಿ ತಯಾರಿಸಿದ ಆಮ್ಲಜನಕದ ಹೆಚ್ಚುಕಡಿಮೆ ಅಷ್ಟನ್ನೂ ಅಲ್ಲಿನ ಮರಗಳ ಉಸಿರಾಟ, ಪ್ರಾಣಿಗಳು ಮತ್ತು ಎಲೆ-ಕಟ್ಟಿಗೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ. ವಾತಾವರಣದ ಸುಮಾರು 21% ಆಮ್ಲಜನಕ ಕೋಟ್ಯಂತರ ವರ್ಷಗಳಲ್ಲಿ ಸಂಗ್ರಹವಾದದ್ದು. ಆ ಸಾಲಿನ ಬದಲು ಎರಡು ನಿಜ ಸಂಗತಿಗಳನ್ನು ಬರೆಸಿ: ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಅದೆಲ್ಲ ಗಾಳಿಯಿಂದ ಬಂದದ್ದು; ಅಮೆಜಾನ್‌ನಲ್ಲಿ ಸುರಿಯುವ ಮಳೆಯ ದೊಡ್ಡ ಪಾಲು ಆ ಕಾಡೇ ಆವಿಯಾಗಿ ಮೇಲೆ ಕಳಿಸಿದ ನೀರು. ಎರಡನೆಯದರ ತುಣುಕನ್ನು ಮನೆಯಲ್ಲೇ ನೋಡಬಹುದು. ಎಲೆ ತುಂಬಿದ ಟೊಂಗೆಯ ತುದಿಗೆ ಪಾರದರ್ಶಕ ಚೀಲ ಕಟ್ಟಿ ಬಿಸಿಲಿನಲ್ಲಿ ಮೂರು ಗಂಟೆ ಬಿಟ್ಟರೆ ಒಳಗೆಲ್ಲ ಹನಿಗಟ್ಟಿರುತ್ತದೆ.

ಪ್ರಶ್ನೆ: ಸಸಿ ನೆಡಿಸಿದರೆ ಅದನ್ನೇ ಕಾಡಿನ ಪ್ರಾಜೆಕ್ಟ್ ಎಂದು ಪರಿಗಣಿಸಬಹುದೇ?
– ಒಬ್ಬ ಮುಖ್ಯೋಪಾಧ್ಯಾಯರು

ಉತ್ತರ: ನೆಟ್ಟ ದಿನದ ಫೋಟೊಗೆ ನಿಂತುಹೋದರೆ ಬೇಡ. ಒಂದೊಂದು ಸಸಿಗೂ ಸಂಖ್ಯೆ ಕೊಟ್ಟು, ತಿಂಗಳಿಗೊಮ್ಮೆ ಎತ್ತರ ಅಳೆದು, ಸತ್ತರೆ ಕಾರಣ ಹುಡುಕಿ ಬರೆಯುವುದಾದರೆ ಅದು ಒಳ್ಳೆಯ ಪ್ರಾಜೆಕ್ಟ್. ದಯವಿಟ್ಟು ಸತ್ತ ಸಸಿಗಳನ್ನೂ ಪುಸ್ತಕದಲ್ಲಿ ಉಳಿಸಿಕೊಳ್ಳಿ. ವರ್ಷದ ಕೊನೆಗೆ ಆ ಪುಸ್ತಕವನ್ನು ಮುಂದಿನ ತರಗತಿಯ ಮಕ್ಕಳ ಕೈಗೆ ಒಪ್ಪಿಸಿ, ಅವರು ಅದೇ ಸಸಿಗಳಿಂದ ಅಳತೆ ಮುಂದುವರಿಸಲಿ.