ಬದುಕಿದ್ದೇ ಹೆಚ್ಚು ಅನ್ನಬೇಡಿ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಹುಣಸೆ ಬಡಿಯಲು ಮರ ಹತ್ತಿದ ತಮ್ಮ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಈಗ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬದುಕಿದ್ದೇ ಹೆಚ್ಚು, ಈ ಆಟ ಯಾಕೆ ಬೇಕು?’

ನಿಮ್ಮ ಹೆದರಿಕೆ ಸುಳ್ಳಲ್ಲ. ಸ್ಪರ್ಶವಿಲ್ಲದ ಕಡೆ ಹುಣ್ಣಾದರೆ ಗೊತ್ತೇ ಆಗುವುದಿಲ್ಲ. ಡಾಕ್ಟರನ್ನು ಕೇಳಿಯೇ ಆಡಲಿ. ಅಷ್ಟಾಯಿತಲ್ಲ, ಈಗ ನನ್ನ ಮಾತು ಕೇಳಿ.

ಒಂದು ಕಾಲಕ್ಕೆ ಇಂಥವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಡಾ. ಲುಡ್ವಿಗ್ ಗಟ್‌ಮನ್ ಇಂಥ ರೋಗಿಗಳ ಮಗ್ಗಲನ್ನು ಎರಡೆರಡು ತಾಸಿಗೆ ಬದಲಿಸಿದರು, ಆಮೇಲೆ ಕೈಗೆ ಚೆಂಡು, ಬಿಲ್ಲು ಕೊಟ್ಟರು. ಸುಮ್ನೆ ಹೊತ್ತು ಕಳೆಯಲಿ ಅಂತಲ್ಲ. ಮಂಚದಿಂದ ಕುರ್ಚಿಗೆ ತನ್ನನ್ನು ತಾನೇ ಎತ್ತಿಕೊಳ್ಳಲು ತೋಳು ಗಟ್ಟಿ ಇರಬೇಕು, ಬೀಳದೆ ಕೂರಲು ಮೈಯ ತೂಕ ಸರಿದೂಗಿಸಬೇಕು. ಆಟ ಅದನ್ನೇ ಕಲಿಸುತ್ತದೆ, ಬೇಸರವಿಲ್ಲದೆ. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಬಿಲ್ಲುಗಾರಿಕೆ ಆಡಿದರು. ಮುಂದೆ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದಲೇ.

ಅಷ್ಟು ದೂರ ಯಾಕೆ, ಬೆಳಗಾವಿ ದಾಟಿದರೆ ಸಾಂಗ್ಲಿ. ಅಲ್ಲಿಯ ಮುರಳೀಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಿಂದರು. ಚಿಕಿತ್ಸೆಗೆ ಅಂತ ಹಿಡಿದ ಈಜು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ಗೆ ಕರೆದೊಯ್ದಿತು, 50 ಮೀಟರ್‌ನಲ್ಲಿ ಚಿನ್ನ! ಪದ್ಮಶ್ರೀ ಬಂದದ್ದು ಮಾತ್ರ 2018ರಲ್ಲಿ. ನಮ್ಮವರ ನೆನಪಿಗೆ 46 ವರ್ಷ ಬೇಕಾಯಿತು.

ಇನ್ನೊಂದು ಮಾತು, ಬೇಜಾರಾಗಬೇಡಿ. ನಾಲ್ಕು ಪುಟದ ಪತ್ರದಲ್ಲಿ ತಮ್ಮನ ಆಸೆಗೆ ಒಂದೇ ಸಾಲು ಕೊಟ್ಟಿದ್ದೀರಿ, ಉಳಿದದ್ದೆಲ್ಲ ನಿಮ್ಮ ಭಯ. ಗರಡಿಯಲ್ಲಿ ಬಿದ್ದ ಹುಡುಗನನ್ನು ಉಸ್ತಾದರು ‘ಬದುಕಿದೆಯಲ್ಲ, ಮನೆಗೆ ಹೋಗು’ ಅಂತ ಕಳಿಸುತ್ತಿದ್ದರಾ?

ಸಿಟ್ಟು ನಿಮ್ಮ ಮೇಲಲ್ಲ ಬಿಡಿ. ಕ್ರೀಡಾಂಗಣಗಳನ್ನು ಅಂಗವಿಕಲರಿಗೂ ಹೊಂದಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಮೊನ್ನೆ ಇಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮೈದಾನಕ್ಕೆ ಹೋದೆ. ಗೇಟಿನಲ್ಲೇ ಮೂರು ಮೆಟ್ಟಿಲು. ಇಳಿಜಾರು ಯಾಕಿಲ್ಲ ಅಂದರೆ ಕಾವಲುಗಾರ, ‘ಅಂಥವರು ಯಾರೂ ಬರಂಗಿಲ್ರೀ ಸರ’ ಅಂದ. ಮೆಟ್ಟಿಲು ಇಟ್ಟು ಕಾದರೆ ಹೇಗೆ ಬರುತ್ತಾರೆ? ತಮ್ಮನನ್ನು ಕರೆತನ್ನಿ. ಕುರ್ಚಿಯ ಒಂದು ಬದಿ ನಾನು ಹಿಡಿಯುತ್ತೇನೆ.